‘ಚೆನ್ನಾಗಿದೆ’ ಅನ್ನೋರು ಇದ್ದಾರೆ, ‘ಎಷ್ಟು ಕೊಟ್ರು?’ ಅಂತ ಕೇಳೋರು ಬೇಕು

ನಮ್ಮ ಕಾಲೇಜಿನಲ್ಲಿ ಕೋಡ್ ಬರೆದು ಕಾಸು ಮಾಡೋರು ಯಾರ್ಯಾರು ಅಂತ ಹಾಸ್ಟೆಲ್ ಗೋಡೆಗಳಿಗೂ ಗೊತ್ತು. ಕನ್ನಡ ಬರೆದು ಕಾಸು ಮಾಡೋರೂ ಇದ್ದಾರೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಇದ್ದೀವಿ, ಈ ಕ್ಲಬ್ಬಿನಲ್ಲೇ ನಾಲ್ಕೈದು ಜನ. ಆ್ಯಪ್‌ಗಳ ಪರದೆ ಮೇಲಿನ ಸಾಲುಗಳನ್ನು ಕನ್ನಡಕ್ಕೆ ತರೋದು, ಯೂಟ್ಯೂಬ್ ಚಾನೆಲ್‌ಗಳಿಗೆ ಸ್ಕ್ರಿಪ್ಟ್, ಜಾಹೀರಾತಿನ ಸಾಲು, ಸಬ್‌ಟೈಟಲ್, ಇತ್ತೀಚೆಗೆ ಯಂತ್ರ ಮಾಡಿದ ಅನುವಾದವನ್ನು ತಿದ್ದೋದು. ನಮಗೆ ಈ ಕೆಲಸದಲ್ಲಿ ಅರ್ಧಕ್ಕರ್ಧ ಬರೋದು ಇಂದಿರಾನಗರದ ಕಡೆಯಿಂದ. ನೂರಡಿ ರಸ್ತೆಯ ಹಿಂದಿನ ಅಡ್ಡರಸ್ತೆಗಳಲ್ಲಿ ಹಳೇ ಮನೆಗಳು ಒಂದೊಂದಾಗಿ ಆಫೀಸುಗಳಾಗಿವೆ. ಕಾಂಪೌಂಡಿನಲ್ಲಿ ತೆಂಗಿನ ಮರ, ಒಳಗೆ ಸ್ಟಾರ್ಟಪ್. ಪರ್ಪಲ್ ಲೈನ್ ಹತ್ತಿ ಇಂದಿರಾನಗರ ಸ್ಟೇಷನ್ನಿನಲ್ಲಿ ಇಳಿದು, ಸಿಎಂಎಚ್ ರಸ್ತೆ ದಾಟಿ ಹೋದರೆ ‘ಕನ್ನಡ ಕಂಟೆಂಟ್ ಬೇಕು’ ಅನ್ನೋರು ಸಿಗ್ತಾರೆ. ಕನ್ನಡಕ್ಕೆ ಎಷ್ಟು ಕೊಡಬೇಕು ಅಂತ ಅವರಿಗೂ ಗೊತ್ತಿರಲ್ಲ, ಎಷ್ಟು ಕೇಳಬೇಕು ಅಂತ ನಮಗೂ ಗೊತ್ತಿರಲ್ಲ. ಗೊತ್ತಿಲ್ಲದವರಿಬ್ಬರು ಚೌಕಾಸಿಗೆ ಕೂತರೆ ದುಡ್ಡು ಇರೋರೇ ಗೆಲ್ಲೋದು.

ಫ್ರೀಲಾನ್ಸ್ ಬರಹಗಾರರಿಗೆ ಸಹೋದ್ಯೋಗಿ ಇಲ್ಲ, ಸೀನಿಯರ್ ಇಲ್ಲ, ಪಕ್ಕದ ಟೇಬಲ್ ಇಲ್ಲ. ಅದಕ್ಕೇ ಆನ್‌ಲೈನ್ ಗುಂಪು ಬೇಕು ಅಂತ ಎಲ್ಲರೂ ಹೇಳ್ತಾರೆ, ನಾವೂ ಒಪ್ತೀವಿ. ಆದರೆ ಆ ಗುಂಪಿನಿಂದ ಏನು ಬೇಕು ಅನ್ನೋದರಲ್ಲಿ ನಮ್ಮ ತಕರಾರಿದೆ. ನಾವು ಸೇರಿಕೊಂಡ ಕನ್ನಡ ಬರಹಗಾರರ ವಾಟ್ಸ್ಯಾಪ್ ಗುಂಪುಗಳಲ್ಲಿ ಪ್ರೀತಿಗೇನೂ ಬರ ಇಲ್ಲ. ಬೆಳಿಗ್ಗೆ ಶುಭೋದಯ, ಮಧ್ಯಾಹ್ನ ಒಂದು ಕವನ, ಅದರ ಕೆಳಗೆ ‘ಚೆನ್ನಾಗಿದೆ ಸರ್’ ಇಪ್ಪತ್ತು ಸಲ. ಅಲ್ಲೇ ಯಾರಾದರೂ ‘ಈ ಕೆಲಸಕ್ಕೆ ಪದಕ್ಕೆಷ್ಟು ಕೇಳಲಿ?’ ಅಂದರೆ ಮದುವೆ ಮನೇಲಿ ಸಾವಿನ ಸುದ್ದಿ ಹೇಳಿದ ಹಾಗೆ ಮೌನ. ಅದೇ ಇಂಗ್ಲಿಷ್ ಕಾಪಿರೈಟರ್‌ಗಳ ಗುಂಪುಗಳಲ್ಲಿ ದರ, ಅಡ್ವಾನ್ಸ್, ಯಾವ ಕ್ಲೈಂಟ್ ಎಷ್ಟು ತಿಂಗಳು ಸತಾಯಿಸ್ತಾನೆ ಅನ್ನೋದೇ ದಿನದ ಮಾತು. ಅಲ್ಲಿ ಕವನ ಹಾಕಿದರೆ ಬಹುಶಃ ಹೊರಗೆ ಹಾಕ್ತಾರೆ, ಅದು ಬೇರೆ ವಿಷಯ.

ದುಡ್ಡಿನ ಮಾತು ಕನ್ನಡಕ್ಕೆ ಹೊರಗಿನದು ಅಂತ ಯಾರಾದರೂ ಅಂದರೆ ನಂಬಬೇಡಿ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಅನಕೃ ಬರವಣಿಗೆಯನ್ನೇ ನೆಚ್ಚಿ ಬದುಕಿದರು, ನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ಪುಸ್ತಕ ತಂದಿತು. ಈಗಿನ ಸಬ್‌ಸ್ಕ್ರಿಪ್ಶನ್ ಅಂದರೆ ಅದೇ ತಾನೆ? ಅದೇ ಧಾರವಾಡದಲ್ಲಿ ಅದಕ್ಕೂ ಮೊದಲೇ ಬೇಂದ್ರೆಯವರ ಗೆಳೆಯರ ಗುಂಪು ಇತ್ತು. ಬರೆಯೋರು ಒಬ್ಬರಿಗೊಬ್ಬರು ಆಗಿಬರಬೇಕು ಅನ್ನೋದು ಡಿಸ್ಕಾರ್ಡ್ ಬಂದ ಮೇಲೆ ಹುಟ್ಟಿದ ಐಡಿಯಾ ಅಲ್ಲ.

ಹಾಗಾದರೆ ಆನ್‌ಲೈನ್ ಕನ್ನಡಕ್ಕೆ ಈ ಸಂಕೋಚ ಎಲ್ಲಿಂದ ಬಂತು? ನಮ್ಮ ಊಹೆ ಹೀಗಿದೆ. ಇಂಟರ್‌ನೆಟ್ಟಿನಲ್ಲಿ ಕನ್ನಡ ಕಟ್ಟಿದವರಲ್ಲಿ ಬಹಳಷ್ಟು ಜನ ನಮ್ಮ ಥರದವರೇ, ತಾಂತ್ರಿಕ ವಿದ್ಯೆಯವರು. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು. ಬಿ. ಪವನಜ 1996ರಲ್ಲೇ ವಿಶ್ವಕನ್ನಡ ಜಾಲತಾಣ ಮಾಡಿದರು. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ವಿಕಿಪೀಡಿಯ 2003ರಲ್ಲಿ, ಹರಿಪ್ರಸಾದ್ ನಾಡಿಗ್ ಅವರ ಸಂಪದ 2005ರಲ್ಲಿ. ಕೆಲಸ ಮುಗಿಸಿ ಬಂದು ರಾತ್ರಿ ಕೂತು, ಸಂಬಳಕ್ಕಲ್ಲ, ಇಷ್ಟಕ್ಕೆ ದುಡಿದ ಜನ ಇದರ ಹಿಂದೆ ಇದ್ದಾರೆ. ಅವರಿಲ್ಲದಿದ್ದರೆ ಇವತ್ತು ನಾವು ಈ ಲೇಖನವನ್ನು ಟೈಪ್ ಮಾಡೋದೂ ಕಷ್ಟವಿತ್ತು. ಆದರೆ ಆ ಸೇವೆಯ ಜೊತೆ ಒಂದು ಅಭ್ಯಾಸವೂ ಉಳಿದುಬಿಟ್ಟಿದೆ: ಆನ್‌ಲೈನಿನಲ್ಲಿ ಕನ್ನಡದ ಕೆಲಸ ಅಂದರೆ ಪುಕ್ಕಟೆ. ಇದರ ಲಾಭ ಪಡೆಯೋದು ವಿಕಿಪೀಡಿಯ ಅಲ್ಲ, ಹೂಡಿಕೆ ಎತ್ತಿಕೊಂಡು ಬಂದ ಕಂಪನಿ. ‘ನಿಮ್ಮ ಭಾಷೆಗೋಸ್ಕರ ಮಾಡಿಕೊಡಿ’ ಅಂತ ಅವರು ನಗುನಗ್ತಾ ಕೇಳ್ತಾರೆ. ಅವರ ಆ್ಯಪ್‌ಗೆ ಕೋಡ್ ಬರೆಯೋ ಹುಡುಗನನ್ನು ‘ಪೈಥಾನಿಗೋಸ್ಕರ ಮಾಡಿಕೊಡು’ ಅಂತ ಕೇಳ್ತಾರಾ?

ನಮ್ಮಲ್ಲೊಬ್ಬಳಿಗೆ ಹೋದ ವರ್ಷ ಒಂದು ಕಂಪನಿ ಐದು ತಿಂಗಳು ದುಡ್ಡು ಕೊಡಲಿಲ್ಲ. ಹೆಸರು ಬೇಡ. ಮೇಲ್ ಮಾಡಿದರೆ ‘ಫೈನಾನ್ಸ್ ಟೀಮ್ ನೋಡ್ತಿದೆ’ ಅನ್ನೋ ಉತ್ತರ. ಸಹಾಯ ಸಿಕ್ಕಿದ್ದು ಬೇರೆ ಬೇರೆ ಭಾಷೆಗಳ ಅನುವಾದಕರಿದ್ದ ಒಂದು ಗುಂಪಿನಲ್ಲಿ, ಮುಖ ನೋಡದ ಒಬ್ಬ ಮರಾಠಿ ಅನುವಾದಕಿಯಿಂದ. ‘ಧೈರ್ಯವಾಗಿರು’ ಅನ್ನಲಿಲ್ಲ ಆಕೆ. ‘ಉದ್ಯಮ್ ನೋಂದಣಿ ಇದೆಯಾ?’ ಅಂತ ಕೇಳಿದರು. ಇರಲಿಲ್ಲ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ. ಒಬ್ಬಂಟಿ ಬರಹಗಾರರೂ ಸೇವಾ ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. ಆಧಾರ್, ಪ್ಯಾನ್ ಇದ್ದರೆ ಸಾಕು, ಒಂದು ಪೈಸೆ ಶುಲ್ಕ ಇಲ್ಲ. ಆದರೆ ಕೆಲಸಕ್ಕೆ ಮೊದಲೇ ಮಾಡಿಸಿರಬೇಕು. ಹಳೇ ಬಾಕಿಗೆ ಅದು ಬರಲ್ಲ ಅಂತ ಆಕೆಯೇ ಹೇಳಿ, ಕಾಪಿರೈಟ್ ಹಿಡಿದು ಬರೆದ ಒಂದು ಪತ್ರದ ನಮೂನೆ ಕಳಿಸಿದರು. ಎರಡು ವಾರದಲ್ಲಿ ದುಡ್ಡು ಬಂತು.

ಆ ಕಾಪಿರೈಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನಮ್ಮ ಸಿಲಬಸ್ಸಿನಲ್ಲಿ ಪೇಟೆಂಟಿಗೆ ಸಿಕ್ಕಷ್ಟು ಜಾಗ ಇದಕ್ಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಾಮಾನ್ಯವಾಗಿ ಬರೆದವರೇ ಮೊದಲ ಒಡೆಯರು. ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ ಮಾತ್ರ ಲೆಕ್ಕ ಬೇರೆ, ಫ್ರೀಲಾನ್ಸರ್ ನೌಕರ ಅಲ್ಲ. ಹಕ್ಕು ಬಿಟ್ಟುಕೊಡಬೇಕಾದರೆ ಬರಹದಲ್ಲಿ, ಸಹಿ ಹಾಕಿ ಕೊಡಬೇಕು, ಬಾಯಿಮಾತು ನಡೆಯಲ್ಲ. ಆ ಕಾಗದದಲ್ಲಿ ಅವಧಿ ಹೇಳಿಲ್ಲ ಅಂದರೆ ಐದು ವರ್ಷ ಅಂತ, ಪ್ರದೇಶ ಹೇಳಿಲ್ಲ ಅಂದರೆ ಭಾರತ ಮಾತ್ರ ಅಂತ ಕಾನೂನು ಓದಿಕೊಳ್ಳುತ್ತೆ. ಅಂದರೆ ಏನೂ ಸಹಿ ಮಾಡದೆ, ದುಡ್ಡೂ ಬಾರದೆ ನಿಮ್ಮ ಸಾಲುಗಳು ಒಂದು ಆ್ಯಪ್‌ನಲ್ಲಿ ಓಡ್ತಿದ್ದರೆ, ಕೇಳೋ ಹಕ್ಕು ನಿಮಗಿದೆ. ಟಿಡಿಎಸ್ ಕೂಡ ಹೀಗೇ. ಶುಲ್ಕದಲ್ಲಿ ನೂರಕ್ಕೆ 10 ಹಿಡಿದರೆ ಅದು ಹೋಯ್ತು ಅಂತ ಅಂದುಕೊಳ್ಳೋರೇ ಜಾಸ್ತಿ. ನಮ್ಮ ಆದಾಯ ತೆರಿಗೆ ಮಿತಿಯ ಒಳಗಿದ್ದರೆ ರಿಟರ್ನ್ ಹಾಕಿ ವಾಪಸ್ ತಗೋಬಹುದು.

ಇಂಥ ಮಾತು ನಮಗೆ ಕನ್ನಡದಲ್ಲಿ ಹೇಳೋ ಗುಂಪು ಸಿಗಲಿಲ್ಲ. ನಮಗೆ ಬೇಕಿರೋ ಬೆಂಬಲ ಇದು.

ದರ ಬಹಿರಂಗ ಮಾಡಿದರೆ ಇನ್ನೊಬ್ಬ ಹತ್ತು ಪೈಸೆ ಕಡಿಮೆಗೆ ಹೋಗ್ತಾನೆ ಅಂತ ಸೀನಿಯರ್ ಒಬ್ಬರು ಎಚ್ಚರಿಸಿದರು. ಇರಬಹುದು. ಈಗ ಗುಟ್ಟಾಗಿರೋದರಿಂದಲೂ ಅದೇ ಆಗ್ತಿದೆ, ಯಾರಿಗೂ ಗೊತ್ತಾಗ್ತಿಲ್ಲ ಅಷ್ಟೆ. ಯಂತ್ರಾನುವಾದ ತಿದ್ದೋ ಕೆಲಸದಲ್ಲಂತೂ ಇದು ಜೋರಾಗಿದೆ. ‘ಬರೀ ತಿದ್ದೋದು ತಾನೆ’ ಅಂತ ಪೂರ್ತಿ ಅನುವಾದದ ದರದಲ್ಲಿ ಒಂದು ಚೂರು ಕೊಡ್ತಾರೆ. ಯಂತ್ರ ‘ನೀನು’, ‘ನೀವು’ ಕಲಸಿಹಾಕಿದ್ದನ್ನು ಬಿಡಿಸೋದಕ್ಕಿಂತ ಹೊಸದಾಗಿ ಬರೆಯೋದೇ ಎಷ್ಟೋ ಸಲ ಬೇಗ ಆಗುತ್ತೆ. ಇದನ್ನು ಒಬ್ಬಳೇ ಹೇಳಿದರೆ ಗೊಣಗಾಟ, ಮೂವತ್ತು ಜನ ತಮ್ಮ ಗಂಟೆಗಳ ಲೆಕ್ಕ ಇಟ್ಟು ಹೇಳಿದರೆ ಡೇಟಾ.

ಸರ್ಕಾರ ನೋಡಿಕೊಳ್ಳಲಿ ಅನ್ನೋರಿಗೆ ಒಂದು ಸುದ್ದಿ: ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆಯ ಪಟ್ಟಿಯಲ್ಲಿ ಊಟ ತಲುಪಿಸೋದು, ಕ್ಯಾಬ್ ಜೊತೆಗೆ ‘ಕಂಟೆಂಟ್ ಮತ್ತು ಮಾಧ್ಯಮ ಸೇವೆ’ಯೂ ಇದೆ. ಒಳ್ಳೇದೇ. ಆದರೆ ಅದು ಪ್ಲಾಟ್‌ಫಾರ್ಮ್ ಮೂಲಕ ಕೆಲಸ ಹಿಡಿದವರಿಗೆ. ವಾಟ್ಸ್ಯಾಪಿನಲ್ಲಿ ‘ನಾಳೆಯೊಳಗೆ ಬೇಕು’ ಅಂತ ಕೆಲಸ ಒಪ್ಪಿಕೊಳ್ಳೋ ನಮ್ಮಂಥವರು ಅದರ ಹೊರಗೆ. ನ್ಯೂಯಾರ್ಕ್ ನಗರದಲ್ಲಿ 2017ರಿಂದ 800 ಡಾಲರ್ ಮೇಲಿನ ಫ್ರೀಲಾನ್ಸ್ ಕೆಲಸಕ್ಕೆ ಲಿಖಿತ ಒಪ್ಪಂದ ಕಡ್ಡಾಯ. ಬೇರೆ ದಿನ ಗೊತ್ತು ಮಾಡಿಲ್ಲದಿದ್ದರೆ ಕೆಲಸ ಮುಗಿದ 30 ದಿನದಲ್ಲಿ ಹಣ ಕೊಡಬೇಕು. ಅದರ ಹಿಂದೆ ಫ್ರೀಲಾನ್ಸರ್ಸ್ ಯೂನಿಯನ್ ಅನ್ನೋ ಸಂಘ ಇತ್ತು. ಅವರು ಬಾಕಿ ಬಿದ್ದ ದುಡ್ಡಿನ ಕಥೆಗಳನ್ನೂ ಒಟ್ಟುಹಾಕಿದ್ದರು.

ಕ್ಲಬ್ಬಿನ ಗುಂಪಿನಲ್ಲಿ ಈ ವಾರ ಒಂದು ಶೀಟ್ ತೆರೆದಿದ್ದೀವಿ. ಹೆಸರು ಬೇಡ, ಕಂಪನಿಯ ಹೆಸರೂ ಬೇಡ. ಕೆಲಸ ಏನು, ಎಷ್ಟು ಪದ, ಎಷ್ಟು ಗಂಟೆ, ಎಷ್ಟು ಕೊಟ್ಟರು, ಎಷ್ಟು ದಿನಕ್ಕೆ ಕೊಟ್ಟರು, ಇಷ್ಟೇ ಕಾಲಂ. ಎರಡನೇ ಪುಟದಲ್ಲಿ ಆ ಪತ್ರದ ನಮೂನೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ. ಮೊದಲ ಹದಿನಾಲ್ಕು ಸಾಲು ನಮ್ಮವೇ, ಅದರಲ್ಲಿ ಮೂರಕ್ಕೆ ‘ಎಷ್ಟು ದಿನಕ್ಕೆ ಕೊಟ್ಟರು’ ಅನ್ನೋ ಜಾಗ ಇನ್ನೂ ಖಾಲಿ.