ಗುಬ್ಬಿ ಮುಟ್ಟದ ಓಟ

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರು. ಬೆಳಗಿನ ಬಸ್ಸಿನಲ್ಲಿ ಕಿಟಕಿಯ ಮಗ್ಗುಲಿನ ಜಾಗ ಹಿಡಿದ ಗುಮಾಸ್ತನು ಪತ್ರಿಕೆಯನ್ನು ಬಿಡಿಸಿ, ಮೊದಲ ಪುಟದ ರಾಜಕೀಯವನ್ನು ದಾಟಿ, ಕೊನೆಯ ಪುಟದ ಕ್ರೀಡಾವಾರ್ತೆಯನ್ನು ಮುಟ್ಟುವಷ್ಟರಲ್ಲಿ ಊರು ಬಂದಿರುತ್ತದೆ. ಇಷ್ಟು ದೂರವನ್ನು ಯಾರೂ ದೂರವೆಂದು ಎಣಿಸುವುದಿಲ್ಲ. ಆದರೆ ಓಟವನ್ನೇ ಉದ್ಯೋಗವಾಗಿ ಮಾಡಿಕೊಂಡು, ಅದರಿಂದ ದೇಶವಿಡೀ ಹೆಸರಾಗಿ, ಹಣವನ್ನೂ ಗಳಿಸಿ, ಕಡೆಗೆ ಕಾಲುಗಳನ್ನೇ ಕಳೆದುಕೊಂಡ ಒಬ್ಬ ಮನುಷ್ಯನಿದ್ದಾನೆ. ಎಂಟು ವರ್ಷಗಳ ವೃತ್ತಿಜೀವನದಲ್ಲಿ ಆತ ಚೆಂಡು ಹಿಡಿದು ಮುಂದಕ್ಕೆ ಓಡಿದ ದೂರವನ್ನೆಲ್ಲ ಕೂಡಿಸಿದರೆ 9,407 ಗಜವಾಗುತ್ತದೆ. ನಮ್ಮ ಲೆಕ್ಕದಲ್ಲಿ 8.6 ಕಿಲೋಮೀಟರು. ತುಮಕೂರಿನಲ್ಲಿ ಹೊರಟರೆ ಗುಬ್ಬಿಯ ಅರ್ಧದಾರಿಯೂ ಸಾಗದು.

ಆತನ ಹೆಸರು ಅರ್ಲ್ ಕ್ಯಾಂಪ್‌ಬೆಲ್. ಅಮೆರಿಕದ ಟೆಕ್ಸಸ್ ಪ್ರಾಂತ್ಯದ ಟೈಲರ್ ಎಂಬ ಊರಿನವನು, ಹುಟ್ಟಿದ್ದು 1955ರಲ್ಲಿ. ಟೈಲರ್ ಗುಲಾಬಿ ಹೂವಿನ ಬೇಸಾಯಕ್ಕೆ ಪ್ರಸಿದ್ಧವಾದ ಊರು. ಹನ್ನೊಂದು ಮಕ್ಕಳ ಬಡ ನೀಗ್ರೋ ಸಂಸಾರ ಅದು ಎಂದು ಅಂದಿನ ಪತ್ರಿಕೆಗಳು ಬರೆಯುತ್ತಿದ್ದವು. ಇಂದು ಕಪ್ಪು ಜನಾಂಗದ ಸಂಸಾರ ಎನ್ನಬೇಕು. ಹುಡುಗನಿಗೆ ಹನ್ನೊಂದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಆನ್ ಗುಲಾಬಿ ತೋಟಗಳಲ್ಲಿ ಕೂಲಿ ಮಾಡಿ ಮಕ್ಕಳನ್ನು ಸಾಕಿದರು. ಸೂರಿನಲ್ಲಿ ಬಿರುಕು ಬಿಟ್ಟ ಮನೆ. ಮಲಗಿದಾಗ ಸಪ್ತರ್ಷಿಮಂಡಲ ಕಾಣದಂಥ ಮನೆಯೊಂದನ್ನು ತಾಯಿಗೆ ಕಟ್ಟಿಸಿಕೊಡಬೇಕೆಂಬುದೇ ಆತನ ಆಸೆಯಾಗಿತ್ತೆಂದು ಹೇಳುತ್ತಾರೆ. ಕಟ್ಟಿಸಿಯೂ ಕೊಟ್ಟ. ಆ ಮನೆಯ ಬೆಲೆ ಏನಾಯಿತೆಂಬುದೇ ಇಲ್ಲಿಯ ಕಥೆ.

ಅಮೆರಿಕದ ಫುಟ್‌ಬಾಲ್ ಹೆಸರಿಗೆ ಮಾತ್ರ ಕಾಲ್ಚೆಂಡು. ಚೆಂಡು ದುಂಡಗಿಲ್ಲ, ಎರಡು ತುದಿಗಳೂ ಚೂಪಾಗಿ, ತುಮಕೂರು ಸೀಮೆಯವರಿಗೆ ಸುಲಿದ ತೆಂಗಿನಕಾಯಿಯನ್ನೇ ನೆನಪಿಗೆ ತರುತ್ತದೆ. ಬಹುಪಾಲು ಆಟವೆಲ್ಲ ಕೈಯಲ್ಲೇ ನಡೆಯುತ್ತದೆ. ನೂರು ಗಜದ ಅಂಗಳದಲ್ಲಿ ಒಂದೊಂದು ಕಡೆಗೆ ಹನ್ನೊಂದು ಜನ. ಚೆಂಡು ಪಡೆದ ತಂಡಕ್ಕೆ ನಾಲ್ಕು ಯತ್ನಗಳು. ಅಷ್ಟರಲ್ಲಿ ಹತ್ತು ಗಜವಾದರೂ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಹಾರಿಸಿ ಎಸೆಯುವುದು ಒಂದು ದಾರಿ. ಇನ್ನೊಂದು ದಾರಿ ಹೆಚ್ಚು ಪುರಾತನವಾದದ್ದು. ಒಬ್ಬನ ಕಂಕುಳಲ್ಲಿ ಚೆಂಡನ್ನಿಟ್ಟು, ಎದುರಿಗೆ ನಿಂತ ಗೋಡೆಯಂಥ ಜನರ ಮೇಲೆ ಅವನನ್ನು ಬಿಡುವುದು. ಹೀಗೆ ನುಗ್ಗುವವನಿಗೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ಅಭಿಮನ್ಯುವಿನ ಕೆಲಸವೆನ್ನಬಹುದು, ಭೇದವೇನೆಂದರೆ ಅಭಿಮನ್ಯು ಒಮ್ಮೆ ಹೊಕ್ಕ, ಇವನು ಒಂದು ಮಧ್ಯಾಹ್ನದಲ್ಲಿ ಇಪ್ಪತ್ತೈದು ಸಲ ಹೊಗುತ್ತಾನೆ.

ಕ್ಯಾಂಪ್‌ಬೆಲ್ ಆ ಕೆಲಸಕ್ಕೆಂದೇ ಹುಟ್ಟಿದವನಂತಿದ್ದ. ತೂಕ 105 ಕಿಲೋ. ತೊಡೆಯ ಸುತ್ತಳತೆ 34 ಅಂಗುಲವೆಂದು ಪತ್ರಿಕೆಗಳು ಬೆರಗಿನಿಂದ ಬರೆದವು. ಮೇಲೆ ಹೇಳಿದ ಗುಮಾಸ್ತನ ಸೊಂಟ ಬಹುಶಃ ಅಷ್ಟಿದ್ದೀತು. ಟೆಕ್ಸಸ್ ವಿಶ್ವವಿದ್ಯಾನಿಲಯದಲ್ಲಿದ್ದಾಗಲೇ, 1977ರಲ್ಲಿ, ಕಾಲೇಜು ಆಟಗಾರರಿಗೆ ಸಲ್ಲುವ ಅತ್ಯುಚ್ಚ ಗೌರವವಾದ ಹೈಸ್‌ಮನ್ ಪಾರಿತೋಷಕ ದೊರೆಯಿತು. ಮರುವರ್ಷ ಹ್ಯೂಸ್ಟನ್ ನಗರದ ಆಯ್ಲರ್ಸ್ ತಂಡವು ಇಡೀ ದೇಶದ ಹೊಸ ಆಟಗಾರರಲ್ಲಿ ಮೊಟ್ಟಮೊದಲಿಗನಾಗಿ ಆತನನ್ನು ಆರಿಸಿಕೊಂಡಿತು. ಅದೇ ವರ್ಷ ನವೆಂಬರ್ 20ರ ರಾತ್ರಿ ಮಯಾಮಿ ತಂಡದ ಮೇಲೆ 199 ಗಜ ಓಡಿ, ಕೊನೆಯ ಓಟವೊಂದರಲ್ಲೇ 81 ಗಜ ಸಾಗಿ ಗಡಿ ದಾಟಿದ. ಹ್ಯೂಸ್ಟನ್ 35–30ರಿಂದ ಗೆದ್ದಿತು. ಟೆಲಿವಿಷನ್ನಿನ ಮುಂದೆ ಕುಳಿತಿದ್ದ ಅಮೆರಿಕ ಆ ರಾತ್ರಿ ಆತನ ಹೆಸರನ್ನು ಕಲಿತುಕೊಂಡಿತು.

ಆತನ ಓಟದಲ್ಲಿ ಒಂದು ವಿಶೇಷವಿತ್ತು. ಇತರರು ಎದುರಾಳಿಯನ್ನು ಕಂಡರೆ ಪಕ್ಕಕ್ಕೆ ಸರಿಯುತ್ತಾರೆ. ಕ್ಯಾಂಪ್‌ಬೆಲ್ ಎದುರಾಳಿಯ ಮೇಲೆಯೇ ಹೋಗುತ್ತಿದ್ದ. ಅಂಗಿ ಹರಿದು ಚಿಂದಿಯಾಗಿ ನೇತಾಡುತ್ತಿರುವಂತೆ ಓಡುತ್ತಿದ್ದ ಚಿತ್ರಗಳು ಇಂದಿಗೂ ಪ್ರಸಿದ್ಧ. ಪ್ರೇಕ್ಷಕರಿಗೆ ಅದೇ ಬೇಕಾಗಿತ್ತು. ತರಬೇತುಗಾರ ಬಮ್ ಫಿಲಿಪ್ಸ್ ಹಾಸ್ಯಗಾರ. ಅಭ್ಯಾಸದ ಒಂದು ಮೈಲಿ ಓಟವನ್ನು ಕ್ಯಾಂಪ್‌ಬೆಲ್ ಮುಗಿಸಲಾರದೆ ಹೋದಾಗ, ಪಂದ್ಯದಲ್ಲಿ ಒಂದು ಮೈಲಿ ಬೇಕಾದಾಗ ಅವನಿಗೆ ಚೆಂಡು ಕೊಡದಿದ್ದರಾಯಿತು ಎಂದನಂತೆ. ಎಲ್ಲರೂ ನಕ್ಕರು. ಅದರಲ್ಲಿಯೇ ಈ ವೃತ್ತಿಯ ನಿಜವೂ ಇದೆ. ಇದು ದೂರದ ಓಟವಲ್ಲ. ಕ್ಯಾಂಪ್‌ಬೆಲ್ ಒಟ್ಟು 2,187 ಸಲ ಚೆಂಡು ಹಿಡಿದು ಹೊರಟ. ಸರಾಸರಿ ಒಂದೊಂದು ಸಲಕ್ಕೆ ಸಾಗಿದ್ದು 4.3 ಗಜ, ಎಂದರೆ ಎರಡು ಮಾರು. ಎರಡು ಮಾರು ಓಡುವುದು, ನೂರು ಕಿಲೋ ತೂಗುವ ಇಬ್ಬರು ಮೂವರು ಬಂದು ಅಪ್ಪಳಿಸುವುದು, ಬೀಳುವುದು, ಏಳುವುದು. ನಡುಮನೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ 2,187 ಸಲ ಓಡಿ ಢಿಕ್ಕಿ ಹೊಡೆದರೆ ಹೇಗೋ ಹಾಗೆ.

ಈ ಲೆಕ್ಕವನ್ನು ವರ್ಷವಾರು ಬಿಡಿಸಿ ನೋಡಿದರೆ ಇನ್ನೂ ಮನಸ್ಸಿಗೆ ನಾಟುತ್ತದೆ. 1978ರಲ್ಲಿ 302 ಸಲ, 1979ರಲ್ಲಿ 368, 1980ರಲ್ಲಿ 373, 1981ರಲ್ಲಿ 361. ನಾಲ್ಕೇ ವರ್ಷಗಳಲ್ಲಿ 1,404 ಸಲ. 1980ರಲ್ಲಿ ಆತ 1,934 ಗಜ ಓಡಿದ, ಅದು ಶಿಖರ. ಜೀವಮಾನದ ಗಜಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಈ ನಾಲ್ಕು ವರ್ಷಗಳಲ್ಲೇ ಮುಗಿದುಹೋದವು. ಆಗ ಇನ್ನೂ ಆತನಿಗೆ ಇಪ್ಪತ್ತೇಳು ತುಂಬಿರಲಿಲ್ಲ. 1984ರಲ್ಲಿ ಹ್ಯೂಸ್ಟನ್ ತಂಡವು ಆತನನ್ನು ನ್ಯೂ ಆರ್ಲಿಯನ್ಸ್ ತಂಡಕ್ಕೆ ಕೊಟ್ಟು, ಮುಂದಿನ ವರ್ಷದ ಹೊಸ ಆಟಗಾರರಲ್ಲಿ ಒಬ್ಬನನ್ನು ಮೊದಲ ಸರದಿಯಲ್ಲಿ ಆರಿಸುವ ಹಕ್ಕನ್ನು ಪಡೆಯಿತು. 1986ರ ಆಗಸ್ಟಿನಲ್ಲಿ, ಆಟದ ಋತು ಆರಂಭವಾಗುವ ಮೊದಲೇ, ಕ್ಯಾಂಪ್‌ಬೆಲ್ ನಿವೃತ್ತನಾದ. ವಯಸ್ಸು ಮೂವತ್ತೊಂದು. ನಮ್ಮಲ್ಲಿ ಆ ವಯಸ್ಸಿಗೆ ಅನೇಕರಿಗೆ ನೌಕರಿ ಖಾಯಂ ಆಗಿರುವುದಿಲ್ಲ.

ಇಲ್ಲಿ ಕುಣಿಗಲ್ಲಿನ ಮಾತು ಬರಬೇಕು. ತುಮಕೂರಿನ ದಕ್ಷಿಣಕ್ಕಿರುವ ಆ ಊರಿಗೂ ಓಟಕ್ಕೂ ಇರುವ ನಂಟು ಹೈದರ್–ಟಿಪ್ಪು ಕಾಲದಷ್ಟು ಹಳೆಯದು. ಸೈನ್ಯಕ್ಕೆ ಕುದುರೆ ಬೆಳೆಸುತ್ತಿದ್ದ ಅಲ್ಲಿನ ಹುಲ್ಲುಗಾವಲಿನಲ್ಲಿ ಅನಂತರ ಪಂದ್ಯದ ಕುದುರೆಗಳು ಬೆಳೆದವು. ಎರಡು ವರ್ಷಕ್ಕೆ ಕುದುರೆ ಓಟಕ್ಕಿಳಿಯುತ್ತದೆ. ನಾಲ್ಕನೆಯ ವಯಸ್ಸಿಗೆ ಮುಂಬಯಿಯ ಮಹಾಲಕ್ಷ್ಮಿಯಲ್ಲಿ ಡರ್ಬಿ. ಐದು ಆರು ಎನ್ನುವಷ್ಟರಲ್ಲಿ ಬಹುಮಟ್ಟಿಗೆ ಆಟ ಮುಗಿಯುತ್ತದೆ. ಅದರ ಕಾಲೂ ಅಷ್ಟೇ ಅಪಾಯದ್ದು. ಮೊಣಕಾಲಿನಿಂದ ಕೆಳಗೆ ಮಾಂಸಖಂಡವೆಂಬುದಿಲ್ಲ. ಎಲುಬು, ಸ್ನಾಯುರಜ್ಜು, ಚರ್ಮ, ಅಷ್ಟೇ. 450 ಕಿಲೋ ಭಾರವೆಲ್ಲ ಆ ಕಡ್ಡಿಯಂಥ ಕಾಲಿನ ಮೇಲೆ. ಆದುದರಿಂದಲೇ ಕುದುರೆಯವನು ಬೆಳಗಾದರೆ ಮೊದಲು ಕಾಲನ್ನು ಮುಟ್ಟಿ ನೋಡುತ್ತಾನೆ. ಕೈಗೆ ಬಿಸಿ ಹತ್ತಿದರೆ ಆ ದಿನ ಓಟವಿಲ್ಲ, ಆ ತಿಂಗಳೂ ಇಲ್ಲದಿರಬಹುದು. ಪಂದ್ಯಕ್ಕೂ ಪಂದ್ಯಕ್ಕೂ ನಡುವೆ ವಾರಗಳ ಬಿಡುವು. ಸುಮಾರು 1,400 ಮೀಟರಿನ ಇಪ್ಪತ್ತು ಪಂದ್ಯ ಓಡಿದ ಕುದುರೆ 28 ಕಿಲೋಮೀಟರು ಓಡಿತೆಂದಾಯಿತು. ಅದು ಗುಬ್ಬಿಯನ್ನು ದಾಟಿ ಹೋಗುತ್ತದೆ.

ಕುದುರೆಗೆ ಇಷ್ಟು ಉಪಚಾರವೇಕೆ? ಕರುಣೆಯಿಂದಲೆಂದು ಹೇಳುವವರು ಕುದುರೆಯ ಬೆಲೆಯನ್ನು ಕೇಳಿಲ್ಲ. ಕುದುರೆ ಒಡೆಯನ ಸೊತ್ತು. ಕಾಲು ಮುರಿದರೆ ನಷ್ಟ ಅವನದು. ಗೆದ್ದ ಹೆಣ್ಣು ಕುದುರೆಯಾದರೆ ಓಟ ಮುಗಿದ ಮೇಲೂ ಬೆಲೆಯುಂಟು. ಹನ್ನೊಂದು ತಿಂಗಳು ಹೊತ್ತು ಮರಿ ಹಾಕುತ್ತದೆ. ಗೆಲ್ಲದ ಕುದುರೆಯ ಪಾಡು ಬೇರೆಯೇ. ಅದನ್ನು ಮದುವೆಯ ಮೆರವಣಿಗೆಗಳಲ್ಲಿ ಕಾಣಬಹುದು. ಕ್ಯಾಂಪ್‌ಬೆಲ್ಲನ ಕಾಲು ಮಾತ್ರ ಕ್ಯಾಂಪ್‌ಬೆಲ್ಲನದೇ. ಅದು ಸವೆದರೆ ತಂಡದ ಗಂಟೇನೂ ಹೋಗದು. ಕಾಲೇಜುಗಳು ಪ್ರತಿ ವರ್ಷವೂ ಹೊಸ ಕಾಲುಗಳನ್ನು ಪುಕ್ಕಟೆಯಾಗಿ ಬೆಳೆಸಿ ಕೊಡುತ್ತವೆ. ಒಂದು ಋತುವಿನಲ್ಲಿ 373 ಸಲ ಚೆಂಡು ಕೊಡುವವರಿಗೆ ಬೆಳಿಗ್ಗೆ ಎದ್ದು ಆ ಕಾಲನ್ನು ಮುಟ್ಟಿ ನೋಡುವ ಅಗತ್ಯ ತೋರಲಿಲ್ಲ. ರನ್ನಿಂಗ್ ಬ್ಯಾಕ್‌ಗಳ ವೃತ್ತಿಯ ಆಯುಸ್ಸು ಸರಾಸರಿ ಮೂರು ವರ್ಷವನ್ನೂ ಮುಟ್ಟುವುದಿಲ್ಲವೆಂಬುದು ಅಲ್ಲಿಯ ಆಟಗಾರರ ಸಂಘದ ಲೆಕ್ಕ.

1991ರಲ್ಲಿ ಕ್ಯಾಂಪ್‌ಬೆಲ್ಲನ ಹೆಸರು ಫುಟ್‌ಬಾಲಿನ ಕೀರ್ತಿಭವನವನ್ನು ಸೇರಿತು. ದೇಹದ ಕಥೆ ಬೇರೆಯ ದಾರಿ ಹಿಡಿಯಿತು. ಬೆನ್ನುಹುರಿ ಹಾದುಹೋಗುವ ನಾಳ ಕಿರಿದಾಗಿ ಕಾಲುಗಳಿಗೆ ಹೋಗುವ ನರಗಳು ಸೊರಗಿದವು. ಮಂಡಿಗಳು ಕೆಟ್ಟವು. ಬೆರಳು ಮಡಿಸುವುದೂ ಕಷ್ಟವಾಯಿತು. ನೋವಿಗೆ ಗುಳಿಗೆ, ಗುಳಿಗೆಯಿಂದ ಚಟ. ಮಕ್ಕಳ ಒತ್ತಾಯದಿಂದ ಅದಕ್ಕೊಂದು ಚಿಕಿತ್ಸೆ. ಐವತ್ತು ದಾಟುವ ವೇಳೆಗೆ, ಮೂವರನ್ನು ಎಳೆದುಕೊಂಡು ಓಡುತ್ತಿದ್ದವನು ಊರುಗೋಲು, ನಡೆಚೌಕಟ್ಟು, ಗಾಲಿಕುರ್ಚಿಗಳ ನೆರವಿಲ್ಲದೆ ಕೋಣೆಯೊಂದನ್ನು ದಾಟಲಾರದವನಾದ.

ಮುಂಚಿತವಾಗಿ ನಿಂತವರೂ ಉಂಟು. ಕ್ಲೀವ್‌ಲ್ಯಾಂಡ್ ತಂಡದ ಜಿಮ್ ಬ್ರೌನ್ 1957ರಿಂದ ಒಂಬತ್ತು ಋತುಗಳಲ್ಲಿ 118 ಪಂದ್ಯಗಳನ್ನು ಒಂದನ್ನೂ ತಪ್ಪಿಸದೆ ಆಡಿದ. 1966ರಲ್ಲಿ ಇಂಗ್ಲೆಂಡಿನಲ್ಲಿ ಚಲನಚಿತ್ರವೊಂದರ ಕೆಲಸದಲ್ಲಿದ್ದಾಗ, ತರಬೇತಿಗೆ ಬಾರದಿದ್ದರೆ ದಂಡ ಹಾಕುವೆನೆಂದು ತಂಡದ ಒಡೆಯ ಬೆದರಿಸಿದ್ದೇ ನೆಪವಾಗಿ, ಮೂವತ್ತನೆಯ ವಯಸ್ಸಿಗೆ ಆಟಕ್ಕೆ ಕೈಮುಗಿದ. ಡೆಟ್ರಾಯ್ಟಿನ ಬ್ಯಾರಿ ಸ್ಯಾಂಡರ್ಸ್ 15,269 ಗಜ ಓಡಿದ್ದ. ಅಂದಿನ ದಾಖಲೆಗೆ ಇನ್ನು 1,457 ಗಜ, ಒಂದು ಕಿಲೋಮೀಟರಿಗೆ ತುಸು ಮೇಲೆ, ಬಾಕಿ ಇತ್ತು. ಒಂದು ಋತು ಸಾಕಾಗಿತ್ತು. 1999ರ ಜುಲೈನಲ್ಲಿ ಹುಟ್ಟೂರಿನ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳುಹಿಸಿ ನಿಂತುಬಿಟ್ಟ. ಅಭಿಮಾನಿಗಳು ಅದನ್ನು ದ್ರೋಹವೆಂದರು. ಎಲ್ಲರಿಗಿಂತ ಹೆಚ್ಚು ಓಡಿದ ಎಮಿಟ್ ಸ್ಮಿತ್ತನ ಮೊತ್ತ 18,355 ಗಜ. ಅದಾದರೂ 17 ಕಿಲೋಮೀಟರಿನ ಒಳಗೇ; ಗುಬ್ಬಿಯ ಬಸ್‌ನಿಲ್ದಾಣವನ್ನು ಅವನೂ ಕಾಣಲಿಲ್ಲ.

ಗುಬ್ಬಿಯ ಹೆಸರೆತ್ತಿದ ಮೇಲೆ ವೀರಣ್ಣನವರನ್ನು ನೆನೆಯದಿರುವುದು ಹೇಗೆ? ಅವರದೂ ದೇಹವನ್ನೇ ನೆಚ್ಚಿದ ವೃತ್ತಿ. 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಬಾಲನಟನಾಗಿ ಸೇರಿದ ಅವರು ‘ಸದಾರಮೆ’ಯ ಕಳ್ಳನ ಪಾತ್ರವನ್ನು ದಶಕಗಳ ಕಾಲ ಆಡಿದರು. ನಟನ ಕಾಲು ಸೋತರೆ ಕಣ್ಣಿದೆ, ಕಣ್ಣು ಸೋತರೆ ಕಂಠವಿದೆ. ಓಡುವವನಿಗೆ ಅಂಥ ಎರಡನೆಯ ಪಾತ್ರವಿಲ್ಲ.

ಇದೆಲ್ಲ ಕಡಲಾಚೆಯ ಮಾತೆಂದು ತಳ್ಳಿಹಾಕುವ ಕಾಲ ಹೋಯಿತು. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ನಮ್ಮಲ್ಲೂ ನುಗ್ಗುವವನ ವೃತ್ತಿಯೊಂದು ಹುಟ್ಟಿದೆ. ಮೂವತ್ತು ಸೆಕೆಂಡಿನ ಅವಧಿ, ಎದುರಿಗೆ ಏಳು ಜನ, ಕಾಲು ಹಿಡಿದು ಎಳೆಯುವುದೇ ಅವರ ಕಸುಬು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ತಂಡವು ಗುಜರಾತನ್ನು 38–33ರಿಂದ ಸೋಲಿಸಿ ಪ್ರಶಸ್ತಿ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. 2022ರ ಹರಾಜಿನಲ್ಲಿ ಆತನಿಗೆ 2.26 ಕೋಟಿ ರೂಪಾಯಿ ಕೊಟ್ಟು ತಮಿಳ್ ತಲೈವಾಸ್ ಕೊಂಡಿತು. ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು. ಆ ಋತುವೇ ಮುಗಿಯಿತು. ಆತ ಮರಳಿ ಬಂದ, ಮರುವರ್ಷ ಇನ್ನೂ ಹೆಚ್ಚಿನ ಬೆಲೆಗೆ ಹೋದ. ಹಾಗೆ ಬಾರದವರ ಹೆಸರು ಪತ್ರಿಕೆಗೆ ಬರುವುದಿಲ್ಲ.

ತುಮಕೂರಿನಲ್ಲಾಗಲಿ ಗುಬ್ಬಿಯಲ್ಲಾಗಲಿ ಸಂಜೆಯ ಹೊತ್ತು ಕಬಡ್ಡಿ ಅಂಕಣದಲ್ಲಿ ತೊಡೆ ತಟ್ಟುವ ಹುಡುಗನ ತಂದೆ ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಎಷ್ಟು ಸಿಗುತ್ತದೆ? ಎಷ್ಟು ವರ್ಷ ಸಿಗುತ್ತದೆ ಎಂಬುದನ್ನೂ, ಮಂಡಿ ಹೋದ ವರ್ಷದ ಸಂಬಳ ಮತ್ತು ವೈದ್ಯನ ಖರ್ಚು ಯಾರ ಪಾಲೆಂಬುದನ್ನೂ ಕೇಳಿ, ಕರಾರಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಪರೀಕ್ಷೆಗೆ ಕಟ್ಟಿದ ಪದವಿಯನ್ನು ಮುಗಿಸುವುದೂ ಒಳ್ಳೆಯದು.

ಕುಣಿಗಲ್ಲಿನ ಕುದುರೆಗಳ ಬೇಲಿಯೂ ಈಗ ಭದ್ರವೆನ್ನುವಂತಿಲ್ಲ. 1992ರಲ್ಲಿ 30 ವರ್ಷಕ್ಕೆಂದು ಖಾಸಗಿಯವರಿಗೆ ಕೊಟ್ಟ ಗುತ್ತಿಗೆಯ ಅವಧಿ ತೀರಿದ ಮೇಲೆ, 2024ರಲ್ಲಿ ಅಲ್ಲಿ ಉಪನಗರ ಕಟ್ಟುವ ಮಾತು ಹೊರಟಿತು; ಊರಿನವರು ವಿರೋಧಿಸಿದರು.