ಮೂಲಪ್ರತಿ ಒಂದು, ನಕಲು ಹಲವು

ಕಾಸರಗೋಡಿನ ಎಷ್ಟೋ ಕನ್ನಡ ಮನೆಗಳ ಅಟ್ಟದಲ್ಲಿ, ಗೋಡೆಯ ಕಪಾಟಿನಲ್ಲಿ ಹಳೆಯ ಕ್ಯಾಸೆಟ್ಟುಗಳು ಇನ್ನೂ ಉಳಿದಿವೆ. ತೆಂಕುತಿಟ್ಟಿನ ಭಾಗವತಿಕೆ, ತಾಳಮದ್ದಳೆಯ ಅರ್ಥಗಾರಿಕೆ, ದಾಸರ ಪದಗಳು, ಭಾವಗೀತೆಗಳು. ಕೆಲವೆಡೆ ಗತಿಸಿದ ಹಿರಿಯರೊಬ್ಬರ ಭಜನೆಯ ಸ್ವರ. ಅಂಗಡಿಯಲ್ಲಿ ಮಾರಾಟವಾದ ಧ್ವನಿಸುರುಳಿ ಬೇರೆಲ್ಲಾದರೂ ದೊರೆತೀತು. ಆದರೆ ದೇವಸ್ಥಾನದ ಅಂಗಣದಲ್ಲಿ ಮನೆಯವರೇ ಮುದ್ರಿಸಿಕೊಂಡ ಕೂಟಕ್ಕೆ ಎರಡನೆಯ ಪ್ರತಿಯಿಲ್ಲ. ಮಳೆಗಾಲದ ತೇವಕ್ಕೆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ಆದ್ದರಿಂದ ಈ ಧ್ವನಿಯನ್ನು ಕಂಪ್ಯೂಟರಿಗೆ ಇಳಿಸುವ ಕೆಲಸಕ್ಕೆ ಅನೇಕರು ಕೈಹಾಕಿದ್ದಾರೆ. ಆಗ ಎದುರಾಗುವ ಪ್ರಶ್ನೆ: ಎಂಪಿ3, ಎಎಸಿ, ವೋರ್ಬಿಸ್, ಓಪಸ್ ಇವುಗಳಲ್ಲಿ ಯಾವುದು ಮೇಲು?

ಉತ್ತರಕ್ಕೆ ಮೊದಲು ಒಂದು ಲೆಕ್ಕವನ್ನು ನೋಡಬೇಕು. ಸಿ.ಡಿ.ಯ ಮಟ್ಟದಲ್ಲಿ ಧ್ವನಿಯನ್ನು ಅಂಕಿಗಳನ್ನಾಗಿಸುವಾಗ ಸೆಕೆಂಡಿಗೆ 44,100 ಬಾರಿ ಅಳತೆ ತೆಗೆಯಲಾಗುತ್ತದೆ. ಪ್ರತಿ ಅಳತೆಗೆ 16 ಬಿಟ್. ಎಡ ಮತ್ತು ಬಲ ಎಂದು ಎರಡು ವಾಹಿನಿಗಳು. ಒಟ್ಟು ಸೆಕೆಂಡಿಗೆ 14,11,200 ಬಿಟ್. ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 635 ಮೆಗಾಬೈಟ್ ಸ್ಥಳ ಬೇಕು.

ಇದನ್ನು ಕುಗ್ಗಿಸಲು ಎರಡು ಮಾರ್ಗಗಳಿವೆ. ಮೊದಲನೆಯದು ನಷ್ಟರಹಿತ ಮಾರ್ಗ. 2001ರಲ್ಲಿ ಬಳಕೆಗೆ ಬಂದ ಫ್ಲ್ಯಾಕ್ ಈ ಬಗೆಯದು. ಚಾಪೆಯನ್ನು ಸುತ್ತಿಟ್ಟಂತೆ ಅದು ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಬಿಡಿಸಿದಾಗ ಒಂದು ಎಳೆಯೂ ಕಡಿಮೆಯಾಗಿರುವುದಿಲ್ಲ. ಎರಡನೆಯದು ನಷ್ಟಸಹಿತ ಮಾರ್ಗ. ಚೆಂಡೆ ಮೊಳಗುತ್ತಿರುವಾಗ ಪಕ್ಕದಲ್ಲಿ ಕುಳಿತವರ ಪಿಸುಮಾತು ಕಿವಿಗೆ ಬೀಳುವುದಿಲ್ಲ. ಹೀಗೆ ದೊಡ್ಡ ಸದ್ದಿನ ಮರೆಯಲ್ಲಿ ಕೇಳಿಸದೆ ಹೋಗುವುದನ್ನು ಗುರುತಿಸಿ ಕೈಬಿಡುವುದೇ ಈ ಮಾರ್ಗದ ತಂತ್ರ. ಕೈಬಿಟ್ಟದ್ದು ಮತ್ತೆ ದೊರೆಯುವುದಿಲ್ಲ.

ನಷ್ಟಸಹಿತ ರೂಪಗಳಲ್ಲಿ ಹಿರಿಯದು ಎಂಪಿ3. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಮುಖ್ಯ ಪಾತ್ರ ವಹಿಸಿದ ಈ ವಿಧಾನದ ಮಾನಕ 1993ರಲ್ಲಿ ಪ್ರಕಟವಾಯಿತು. ಇದರ ಪೇಟೆಂಟುಗಳ ಪರವಾನಗಿ ವ್ಯವಸ್ಥೆ 2017ರಲ್ಲಿ ಕೊನೆಗೊಂಡಿತು. 1997ರಲ್ಲಿ ಬಂದ ಎಎಸಿ ಅದೇ ಗುಣಮಟ್ಟವನ್ನು ಇನ್ನೂ ಕಡಿಮೆ ಗಾತ್ರದಲ್ಲಿ ಕೊಡುವ ಉದ್ದೇಶದ್ದು. ವೋರ್ಬಿಸ್ 2002ರಲ್ಲಿ, ಪೇಟೆಂಟಿನ ಹಂಗಿಲ್ಲದ ಮುಕ್ತ ವಿಧಾನವಾಗಿ ಪೂರ್ಣರೂಪ ಪಡೆಯಿತು. ಕಿರಿಯದಾದ ಓಪಸ್ 2012ರಲ್ಲಿ ಮಾನಕವಾಯಿತು. ಮಾತು ಮತ್ತು ಸಂಗೀತ ಎರಡಕ್ಕೂ ಹೊಂದುವಂತೆ ಅದನ್ನು ರೂಪಿಸಲಾಗಿದೆ. ವಾಟ್ಸ್ಆ್ಯಪಿನ ಧ್ವನಿಸಂದೇಶಗಳು ಸಾಗುವುದು ಇದೇ ರೂಪದಲ್ಲಿ.

ಸೆಕೆಂಡಿಗೆ 192 ಕಿಲೋಬಿಟ್ ಅಥವಾ ಅದಕ್ಕೂ ಹೆಚ್ಚಿನ ದರದಲ್ಲಿ ಈ ನಾಲ್ಕರ ನಡುವಣ ಅಂತರವನ್ನು ಕಿವಿಯಿಂದಲೇ ಗುರುತಿಸುವುದು ಹೆಚ್ಚಿನವರಿಗೆ ಕಷ್ಟ. ದರ ಇಳಿದಂತೆ ಭೇದ ಎದ್ದು ಕಾಣುತ್ತದೆ. ಎಂಪಿ3 ಧ್ವನಿಯನ್ನು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಿರಿದಾದ ತುಣುಕುಗಳಾಗಿ ವಿಂಗಡಿಸಿ ನೋಡುತ್ತದೆ. ಚೆಂಡೆಯ ಪೆಟ್ಟು ತುಣುಕಿನ ನಡುವೆ ಬಿದ್ದರೆ ಅದರ ದೋಷ ತುಣುಕಿನುದ್ದಕ್ಕೂ ಹರಡಿ, ಪೆಟ್ಟಿಗೆ ಮುಂಚೆಯೇ ಒಂದು ಸಣ್ಣ ಸರಸರ ಸದ್ದು ಹುಟ್ಟುತ್ತದೆ. ತಾಳದ ಠೇಂಕಾರ ಮಸುಕಾಗುತ್ತದೆ. ಇನ್ನೂ ಸಣ್ಣ ತುಣುಕುಗಳನ್ನು ಬಳಸಬಲ್ಲ ಎಎಸಿ, ಓಪಸ್‌ಗಳಲ್ಲಿ ಈ ತೊಂದರೆ ಕಡಿಮೆ. ಅತಿ ಕಡಿಮೆ ದರದಲ್ಲಿ ಎತ್ತರದ ಆವರ್ತನಗಳೇ ಕತ್ತರಿಸಲ್ಪಡುತ್ತವೆ. ಸಕಾರ, ಶಕಾರಗಳನ್ನು ಬೇರ್ಪಡಿಸಿ ತೋರುವ ಉಸಿರಿನ ಅಂಶ ಇರುವುದು ಬಹುಮಟ್ಟಿಗೆ ಅಲ್ಲಿಯೇ. ಅರ್ಥಧಾರಿಯ ಸ್ಪಷ್ಟ ಉಚ್ಚಾರವನ್ನು ಕೇಳಿ ಕನ್ನಡ ಕಲಿಯಬೇಕಾದ ಮಗುವಿಗೆ ಇದು ಸಣ್ಣ ನಷ್ಟವಲ್ಲ.

ಬಳಕೆಯ ದೃಷ್ಟಿಯಿಂದ ಹೇಳುವುದಾದರೆ, ಫೋನಿನಲ್ಲಿ ಕೇಳಲು ಓಪಸ್ ಅನುಕೂಲ. ಅರ್ಥಗಾರಿಕೆಯಂತಹ ಮಾತಿಗೆ, ಒಂದೇ ವಾಹಿನಿಯಲ್ಲಿ, 32ರಿಂದ 48 ಕಿಲೋಬಿಟ್ ಸಾಕು. ಹಾಡಿಗೆ 96ರಿಂದ 128. ಹಳೆಯ ಕಾರಿನ ಪ್ಲೇಯರಿಗೆ, ಪೆನ್‌ಡ್ರೈವ್ ಚುಚ್ಚುವ ಸ್ಪೀಕರಿಗೆ ಎಂಪಿ3 ಹೊರತು ಬೇರೇನೂ ತಿಳಿಯದಿರುವುದುಂಟು. ಅಲ್ಲಿ 192 ಕಿಲೋಬಿಟ್‌ನ ಎಂಪಿ3ಯೇ ಸರಿ. ಅದರಲ್ಲಿ ಒಂದು ಗಂಟೆಯ ಧ್ವನಿ ಸುಮಾರು 86 ಮೆಗಾಬೈಟ್ ಆಗುತ್ತದೆ.

ಆದರೆ ಇವೆಲ್ಲವೂ ನಕಲುಗಳು. ಮನೆಯ ಹಿರಿಯರು ಭೂಮಿಯ ಮೂಲಪತ್ರವನ್ನು ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟು, ಕಚೇರಿಯ ಕೆಲಸಕ್ಕೆ ಅದರ ನಕಲನ್ನು ಒಯ್ಯುತ್ತಿದ್ದರು. ಮೂಲದೊಡನೆ ತಾಳೆ ನೋಡದ ನಕಲಿನ ನಕಲನ್ನು ಸಾಕ್ಷ್ಯದ ಕಾನೂನು ಕೂಡ ಒಪ್ಪುವುದಿಲ್ಲ. ಧ್ವನಿಯ ವಿಷಯದಲ್ಲಿಯೂ ಇದೇ ನ್ಯಾಯ. ಎಂಪಿ3ಯನ್ನು ಎಎಸಿಗೆ, ಎಎಸಿಯನ್ನು ಓಪಸ್‌ಗೆ ಬದಲಿಸಿದಾಗಲೆಲ್ಲ ನಷ್ಟದ ಮೇಲೆ ನಷ್ಟ ಸೇರುತ್ತದೆ. 128 ಕಿಲೋಬಿಟ್‌ನ ಕಡತವನ್ನು 320ಕ್ಕೆ ಏರಿಸಿದರೆ ಗಾತ್ರ ಉಬ್ಬುತ್ತದೆಯೇ ಹೊರತು ಕಳೆದುಹೋದ ಸ್ವರ ಮರಳುವುದಿಲ್ಲ. ಮೂಲಪ್ರತಿ ಫ್ಲ್ಯಾಕ್‌ನಲ್ಲಿದ್ದರೆ ಮಾತ್ರ, ಇಪ್ಪತ್ತು ವರ್ಷಗಳ ಬಳಿಕ ಬರಬಹುದಾದ ಹೊಸ ರೂಪಕ್ಕೂ ಮೊದಲ ಪೀಳಿಗೆಯ ನಕಲನ್ನೇ ತೆಗೆಯಬಹುದು.

ಸ್ಥಳದ ಚಿಂತೆಗೂ ಈಗ ಕಾರಣವಿಲ್ಲ. 64 ಗಿಗಾಬೈಟಿನ ಒಂದು ಪೆನ್‌ಡ್ರೈವಿನಲ್ಲಿ, ಏನನ್ನೂ ಕುಗ್ಗಿಸದಿದ್ದರೂ, ಸುಮಾರು ನೂರು ಗಂಟೆಗಳ ಧ್ವನಿ ಹಿಡಿಯುತ್ತದೆ. ಫ್ಲ್ಯಾಕ್‌ನಲ್ಲಾದರೆ ಇನ್ನೂ ಹೆಚ್ಚು. ಎಂಪಿ3 ಹುಟ್ಟಿದ ಕಾಲದ ಸ್ಥಳಾಭಾವಕ್ಕೆ ಮಣಿದು ಇಂದು ಮೂಲವನ್ನೇ ಕತ್ತರಿಸುವುದು ವಿವೇಕವಲ್ಲ.

ಹಕ್ಕಿನ ವಿಚಾರವನ್ನೂ ಮರೆಯಬಾರದು. 1957ರ ಕೃತಿಸ್ವಾಮ್ಯ ಕಾಯಿದೆ ಖಾಸಗಿ ಬಳಕೆಗಾಗಿ ನ್ಯಾಯಯುತ ಉಪಯೋಗಕ್ಕೆ ಅವಕಾಶ ನೀಡುತ್ತದೆ. ಆದರೆ ಪ್ರಕಟಿತ ಧ್ವನಿಮುದ್ರಣದ ಹಕ್ಕು 60 ವರ್ಷ ಬಾಳುವಂಥದ್ದು; ಅದನ್ನು ಅಂತರಜಾಲಕ್ಕೆ ಏರಿಸಿ ಹಂಚುವ ಮೊದಲು ಹಕ್ಕುದಾರರ ಅನುಮತಿ ಅಗತ್ಯ.

ಶಾಲೆಗೆ ರಜೆಯಿರುವ ದಿನಗಳಲ್ಲಿ ಮಕ್ಕಳೊಡನೆ ಕುಳಿತು ಮಾಡಬಹುದಾದ ಕೆಲಸವಿದು. ಟೇಪ್‌ರೆಕಾರ್ಡರಿನ ತಲೆಯನ್ನು ಒರೆಸಿ, ಕ್ಯಾಸೆಟ್ಟನ್ನು ಪೂರ್ತಿ ನುಡಿಸಿ, ಫ್ಲ್ಯಾಕ್‌ನಲ್ಲಿ ಉಳಿಸಬೇಕು. ಕಡತದ ಹೆಸರಿನಲ್ಲಿಯೇ ಪ್ರಸಂಗ, ಭಾಗವತರು, ಅರ್ಥಧಾರಿಗಳು, ಸ್ಥಳ, ವರ್ಷ ಇವುಗಳನ್ನು ತಿಳಿದಷ್ಟು ಬರೆಯಬೇಕು. ಆ ಸ್ವರಗಳನ್ನು ಗುರುತಿಸಬಲ್ಲ ಅಜ್ಜ, ಅಜ್ಜಿ ಮನೆಯಲ್ಲಿರುವಾಗಲೇ ಕೇಳಿ ಬರೆದುಕೊಳ್ಳುವುದು ಲೇಸು. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬಂಧುಗಳ ಮನೆಯಲ್ಲಿ ಇರಲಿ. ಆ ಬಳಿಕ ಫೋನಿಗೆ ಯಾವ ರೂಪದ ನಕಲಾದರೂ ಆದೀತು.