ತಲೆ ಎಣಿಸುವ ಮುನ್ನ

ಬೀದಿಗೆ ಬಂದವರು ನೂರು, ಮನೆಯಲ್ಲಿ ಉಳಿದವರು ಸಾವಿರ. ಮತ್ತೆ ಪ್ರತಿಭಟನೆ ಜನಾಭಿಪ್ರಾಯ ಹೇಗಾದೀತು ಎಂದು ಕೇಳುವ ಗೆಳೆಯರು ನನಗಿದ್ದಾರೆ. ಅವರ ಲೆಕ್ಕ ತಪ್ಪಲ್ಲ. ಬೆಂಗಳೂರಿನ ನಮ್ಮ ಲಗ್ಗೆರೆಯ ಸುತ್ತಮುತ್ತಲೇ ಅವರಿಗೆ ಒಳ್ಳೆಯ ಸಾಕ್ಷಿ ಸಿಗುತ್ತದೆ.

2016ರ ಸೆಪ್ಟೆಂಬರ್ 12. ತಮಿಳುನಾಡಿಗೆ ಕಾವೇರಿ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟ್ ಆದೇಶಕ್ಕೆ ಬೆಂಗಳೂರು ಹೊತ್ತಿಕೊಂಡ ದಿನ. ಡಿಪೊ ಒಂದರಲ್ಲಿ ನಿಂತಿದ್ದ ಖಾಸಗಿ ಬಸ್ಸುಗಳು ಸಾಲಾಗಿ ಸುಟ್ಟವು. ಇಲ್ಲೇ ಪಕ್ಕದ ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಒಬ್ಬ ಯುವಕ ಬಲಿಯಾದ. ರಾಜಗೋಪಾಲನಗರ, ಪೀಣ್ಯ, ನಂದಿನಿ ಲೇಔಟ್ ಸೇರಿ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿತ್ತು. ಕಾವೇರಿ ವಿಷಯದಲ್ಲಿ ಈ ಬಡಾವಣೆಗಳಲ್ಲಿ ಎರಡು ಮಾತು ಇದ್ದಿರಲಾರದು. ಹಾಗಂತ ಬಸ್ಸಿಗೆ ಬೆಂಕಿ ಹಚ್ಚಿ ಎಂದು ಯಾರು ಹೇಳಿದ್ದರು? ಸಿಟ್ಟು ಎಲ್ಲರದು, ಬೀದಿ ಕೆಲವರದು. ಇಲ್ಲಿಯವರೆಗೆ ಗೆಳೆಯರ ಜೊತೆ ನಾನೂ ಇದ್ದೇನೆ.

ಅದಕ್ಕೂ ಐದು ತಿಂಗಳ ಹಿಂದಿನದನ್ನು ಅವರು ಮರೆಯುತ್ತಾರೆ. ಆ ಏಪ್ರಿಲ್ 18, 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಗಾರ್ಮೆಂಟ್ಸ್ ಹೆಂಗಸರು ಬಂದು ಕೂತರು. ಕೆಲಸ ಬಿಟ್ಟರೂ ಪಿಎಫ್‌ನಲ್ಲಿ ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ಕೈಗೆ ಬಾರದು ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಎಬ್ಬಿಸಿತ್ತು. ದಿನದ ಟಾರ್ಗೆಟ್ ಮುಗಿಸುವಷ್ಟರಲ್ಲಿ ಸೊಂಟ ಬೀಳುವ ಕೆಲಸವದು; 58ರವರೆಗೆ ಮಿಷನ್ ಮುಂದೆ ಕೂರುವವರು ಅಪರೂಪ. ಮಗಳ ಮದುವೆಗೆ, ಮಗನ ಫೀಸಿಗೆ, ಕೈಸಾಲ ತೀರಿಸಲಿಕ್ಕೆ ಆ ದುಡ್ಡೇ ಗತಿ. ಮುಂದಾಳು ಇರಲಿಲ್ಲ, ವೇದಿಕೆ ಇರಲಿಲ್ಲ. ಕಲ್ಲು ತೂರಾಟವೂ ನಡೆಯಿತು, ಹೆಬ್ಬಗೋಡಿಯಲ್ಲಿ ವಾಹನಗಳು ಸುಟ್ಟವು, ಅದನ್ನು ಮುಚ್ಚಿಡಲಾರೆ. 19ರ ಸಂಜೆ ಕೇಂದ್ರ ಸರ್ಕಾರ ಹಿಂದೆ ಸರಿಯಿತು.

ಆ ಹೆಂಗಸರು ಬೀದಿಗೆ ಬರುವ ಹಿಂದಿನ ದಿನ ಯಾರಾದರೂ ಊರೆಲ್ಲ ಸುತ್ತಿ ಅಭಿಪ್ರಾಯ ಕೇಳಿದ್ದರೆ ಏನು ಸಿಗುತ್ತಿತ್ತು? ನನ್ನ ಊಹೆ, ಏನೂ ಇಲ್ಲ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಶಪಿಸಿದ ಬಹುಮಂದಿಗೆ ಆ ನಿಯಮದ ಗಂಧವೂ ಇರಲಿಲ್ಲ. ಅಂದರೆ ಆ ಬೀದಿ ಜನಾಭಿಪ್ರಾಯದ ಕನ್ನಡಿ ಆಗಿರಲೇ ಇಲ್ಲ, ಆಗಬೇಕಾಗಿಯೂ ಇರಲಿಲ್ಲ. ದುಡ್ಡು ಯಾರದೋ ಅವರು ಬಂದಿದ್ದರು, ಆ ದಿನದ ಕೂಲಿ ಕಳೆದುಕೊಂಡು.

ಹಾಗಾದರೆ ಮತಪೆಟ್ಟಿಗೆಯನ್ನೇ ಕೇಳೋಣ ಎನ್ನುತ್ತೀರಾ? 1982ರಲ್ಲಿ ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದಾಗ ಜನಸಾಗರ ಸೇರಿತು. (ಭಾಷೆಗಾಗಿ ಬಂದವರೆಷ್ಟು, ಅಣ್ಣಾವ್ರನ್ನು ನೋಡಲು ಬಂದವರೆಷ್ಟು? ಅವರ ಸಮಾಧಿ ಇರುವ ಕಂಠೀರವ ಸ್ಟುಡಿಯೊ ನಮಗೆ ಹತ್ತಿರವೇ. ಅಲ್ಲಿ ಇವತ್ತಿಗೂ ಈ ಎರಡನ್ನು ಬೇರೆ ಮಾಡಲಾಗದು.) 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು. ಅದು ಕನ್ನಡದ ತೀರ್ಪೋ, ನರಗುಂದದ ರೈತರ ಸಿಟ್ಟೋ, ಗುಂಡೂರಾವ್ ಆಡಳಿತದ ಬೇಸರವೋ? ಮತಚೀಟಿಯಲ್ಲಿ ಕಾರಣ ಬರೆಯಲು ಜಾಗವಿಲ್ಲ. ಅದು ಎಷ್ಟು ಜನ ಎಂದಷ್ಟೇ ಹೇಳುತ್ತದೆ. ಎಷ್ಟು ನೋವು ಎಂಬುದನ್ನು ಬೇರೆಲ್ಲಾದರೂ ಕೇಳಬೇಕು.

ಈಗ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಒಂದೇ ಎಂದು 2021ರಿಂದ ಪೊಲೀಸ್ ಆದೇಶವಿದೆ. ಸಂಘಟಕರು ಮೊದಲೇ ಅನುಮತಿ ಪಡೆಯಬೇಕು. ಏಪ್ರಿಲ್‌ನ ಆ ಹೆಂಗಸರಲ್ಲಿ ಅರ್ಜಿಗೆ ಸಹಿ ಹಾಕಲು ಸಂಘಟಕರೇ ಇರಲಿಲ್ಲ.